ಒಲವಿನ ನುಡಿ, ಒಲವಿನ ಬೆಲೆ: ಮೂರು ಭಾಷೆಗಳ ನಾಲ್ವರು ಕವಯಿತ್ರಿಯರು

ಶೃಂಗಾರವನ್ನು ರಸಗಳಲ್ಲಿ ಮೊದಲನೆಯದೆಂದು ನಮ್ಮ ಲಾಕ್ಷಣಿಕರು ಗಣಿಸುತ್ತ ಬಂದಿರುವರು. ಭರತಮುನಿಯ ನಾಟ್ಯಶಾಸ್ತ್ರವು ಒಲಿದ ಹೆಣ್ಣಿನ ಅವಸ್ಥೆಗಳನ್ನು ಎಂಟು ಬಗೆಯಾಗಿ ವಿಂಗಡಿಸಿತು. ಇನಿಯನಿಗಾಗಿ ಸಿಂಗರಿಸಿಕೊಂಡು ಕಾದಿರುವವಳು, ಅಗಲಿಕೆಯಲ್ಲಿ ಬೆಂದವಳು, ವಂಚನೆಗೆ ಮುನಿದವಳು, ತಾನೇ ಅವನನ್ನು ಅರಸಿ ಹೊರಟವಳು ಎಂದು ಮುಂತಾಗಿ ಅವಳಿಗೆ ಹೆಸರುಗಳನ್ನಿಟ್ಟಿತು. ಅಂದಿನಿಂದ ಭಾರತದ ಎಲ್ಲ ನುಡಿಗಳ ಕವಿಗಳೂ ಈ ಅಷ್ಟನಾಯಿಕೆಯರನ್ನು ಬಣ್ಣಿಸಿ ಬಣ್ಣಿಸಿ ದಣಿಯಲಿಲ್ಲ. ಆದರೆ ಹೆಸರಿಟ್ಟವರೂ ಬಣ್ಣಿಸಿದವರೂ ಬಹುಮಟ್ಟಿಗೆ ಗಂಡಸರು. ಹಾಗೆ ಬಣ್ಣನೆಗೆ ಗುರಿಯಾದ ಹೆಣ್ಣು ತಾನೇ ಲೇಖನಿ ಹಿಡಿದಾಗ ಒಲವನ್ನು ಕುರಿತು ಏನು ಹೇಳಿದಳು? ಒಬ್ಬಳು ಹೇಳಿದುದಕ್ಕೂ ಇನ್ನೊಬ್ಬಳು ಹೇಳಿದುದಕ್ಕೂ ಹೋಲಿಕೆ ಎಲ್ಲಿದೆ, ಅಂತರ ಎಲ್ಲಿದೆ? ಈ ಪ್ರಶ್ನೆಯನ್ನು ಇಲ್ಲಿ ಸ್ವಲ್ಪಮಟ್ಟಿಗೆ ವಿಚಾರಿಸುವೆವು.

ಹೊಸೂರು ಸೀಮೆಯ ಕನ್ನಡಿಗರಿಗೆ ಇದು ಕೇವಲ ಪಂಡಿತರ ಚರ್ಚೆಯಲ್ಲ. ಇಲ್ಲಿ ಒಲೆಯ ಮುಂದೆ ಒಂದು ನುಡಿ, ನೆರೆಮನೆಯಲ್ಲಿ ಇನ್ನೊಂದು, ಸಂತೆಯಲ್ಲಿ ಮತ್ತೊಂದು. ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಬೀದಿಯಲ್ಲಿ ನಡೆದಾಡುವ ನಾಡಿದು. ಮೂರು ನುಡಿಗಳ ಹೆಣ್ಣುಮಕ್ಕಳ ಕಾವ್ಯವನ್ನು ಒಟ್ಟಿಗೆ ಇಟ್ಟು ನೋಡುವ ಅನುಕೂಲ ನಮಗಿದ್ದಷ್ಟು ಒಳನಾಡಿನವರಿಗೆ ಇರಲಾರದು.

ಹಳೆಯ ಅಡಿಪಾಯ

ದಕ್ಷಿಣದಲ್ಲಿ ಒಲವಿನ ಕಾವ್ಯದ ಅತ್ಯಂತ ಪ್ರಾಚೀನ ಭಂಡಾರವೆಂದರೆ ತಮಿಳಿನ ಸಂಘಂ ಸಾಹಿತ್ಯ. ಅದರಲ್ಲಿ ಮನದೊಳಗಣ ಬಾಳನ್ನು ಹಾಡುವ ಪದ್ಯಗಳಿಗೆ ‘ಅಗಂ’ ಎಂದು ಹೆಸರು. ಬೆಟ್ಟ, ಕಾಡು, ಗದ್ದೆ, ಕಡಲತೀರ, ಬರಡುನೆಲ ಎಂಬ ಐದು ಬಗೆಯ ನೆಲಗಳಿಗೆ ಕೂಡುವಿಕೆ, ಕಾಯುವಿಕೆ, ಮುನಿಸು, ಕಾತರ, ಅಗಲಿಕೆ ಎಂಬ ಐದು ಭಾವಗಳನ್ನು ಕ್ರಮವಾಗಿ ಜೋಡಿಸಿದ ಸೊಗಸಾದ ಏರ್ಪಾಡು ಅದು. ಕುರುಂತೊಗೈ, ಅಗನಾನೂರು ಮೊದಲಾದ ಸಂಕಲನಗಳಲ್ಲಿ ಔವೈಯಾರ್, ವೆಳ್ಳಿವೀದಿಯಾರ್, ಒಕ್ಕೂರ್ ಮಾಸಾತ್ತಿಯಾರ್ ಮೊದಲಾದ ಕವಯಿತ್ರಿಯರ ಹಾಡುಗಳೂ ಸೇರಿವೆ.

ಅಗಂ ಹಾಡುಗಳಲ್ಲಿ ಪ್ರೇಮಿಗಳ ಹೆಸರನ್ನು ಹೇಳಕೂಡದೆಂಬುದು ಕಟ್ಟುನಿಟ್ಟಾದ ನಿಯಮ. ಅವನು ಯಾರೋ ಒಬ್ಬ ಬೆಟ್ಟದವನು, ಅವಳು ಯಾರೋ ಒಬ್ಬ ಕನ್ನೆ. ಈ ಮರೆಯಲ್ಲಿ ನಿಂತು ಗಂಡಸು ಹೆಣ್ಣಿನ ದನಿಯಲ್ಲಿಯೂ ಹೆಣ್ಣು ಗಂಡಿನ ದನಿಯಲ್ಲಿಯೂ ಹಾಡಬಹುದಾಗಿತ್ತು. ಆದರೂ ಅಗನಾನೂರಿನಲ್ಲಿ ಔವೈಯಾರ್ ರಚಿಸಿದ ಒಂದು ಪದ್ಯದಲ್ಲಿ, ಇನಿಯನನ್ನು ಅರಸಿ ಹೊರಟ ಹೆಣ್ಣಿಗೆ ಹೋಲಿಕೆಯಾಗಿ ವೆಳ್ಳಿವೀದಿಯ ಹೆಸರೇ ಬರುತ್ತದೆ. ಒಬ್ಬ ಕವಯಿತ್ರಿಯು ಇನ್ನೊಬ್ಬ ಕವಯಿತ್ರಿಯನ್ನು ಒಲವಿನ ನಿದರ್ಶನವಾಗಿ ನೆನೆದ ಈ ಒಂದು ಉಲ್ಲೇಖವು ಚರಿತ್ರೆಯ ದೃಷ್ಟಿಯಿಂದ ಅಮೂಲ್ಯವಾದುದು. ಹಾಡಿದವಳು ಹಾಡಿನ ಒಳಗೂ ಬಾಳಿದ್ದಳೆಂಬ ಸುಳಿವು ಇಲ್ಲಿ ಮೊದಲಬಾರಿಗೆ ಸಿಕ್ಕುತ್ತದೆ.

ಆಂಡಾಳ್

ಹೆಸರು ಹೇಳಬಾರದೆಂಬ ಆ ಕಟ್ಟನ್ನು ಮುರಿದು, ತನ್ನ ಇನಿಯನ ಹೆಸರನ್ನೂ ತನ್ನ ಹೆಸರನ್ನೂ ಊರಿನ ಹೆಸರನ್ನೂ ನಿಸ್ಸಂಕೋಚವಾಗಿ ಹೇಳಿಕೊಂಡವಳು ಶ್ರೀವಿಲ್ಲಿಪುತ್ತೂರಿನ ಆಂಡಾಳ್. ಕಾಲ 8 ಅಥವಾ 9ನೆಯ ಶತಮಾನ. ಹನ್ನೆರಡು ಮಂದಿ ಆಳ್ವಾರರಲ್ಲಿ ಇವಳೊಬ್ಬಳೇ ಹೆಣ್ಣು. ತಂದೆ ಪೆರಿಯಾಳ್ವಾರರು ದೇವರಿಗೆಂದು ಕಟ್ಟಿದ ಮಾಲೆಯನ್ನು ತಾನು ಮುಡಿದು ಕೊಟ್ಟವಳೆಂಬ ಕಥೆಯನ್ನು ಅರಿಯದವರು ವಿರಳ.

ಧನುರ್ಮಾಸದ ಮುಂಜಾವಿನಲ್ಲಿ ಹಾಡುವ ಮೂವತ್ತು ಹಾಡುಗಳ ತಿರುಪ್ಪಾವೈ ಇವಳದು. ಅದು ಗೆಳತಿಯರೆಲ್ಲ ಕೂಡಿ ಮಾಡುವ ವ್ರತದ ಹಾಡು. ಆದರೆ ಇವಳ ಇನ್ನೊಂದು ಕೃತಿ, 143 ಪದ್ಯಗಳ ನಾಚ್ಚಿಯಾರ್ ತಿರುಮೊಳಿ, ಬೇರೆಯೇ ಬಗೆಯದು. ಅಲ್ಲಿ ಗೆಳತಿಯರ ಗುಂಪು ಹಿಂದೆ ಸರಿದು ಒಬ್ಬಳೇ ಹೆಣ್ಣು ಮುಂದೆ ಬರುತ್ತಾಳೆ. ಮನ್ಮಥನಿಗೆ ಹರಕೆ ಹೊರುತ್ತಾಳೆ, ಕೋಗಿಲೆಯನ್ನು ಬೇಡುತ್ತಾಳೆ, ಮೋಡಗಳನ್ನು ದೂತರನ್ನಾಗಿ ಕಳುಹುತ್ತಾಳೆ. ಮದುವೆಯ ಒಂದೊಂದು ವಿಧಿಯನ್ನೂ ಕನಸಿನಲ್ಲಿ ಕಂಡುದಾಗಿ ಗೆಳತಿಗೆ ಹೇಳುತ್ತಾಳೆ. ದೇವನ ಶಂಖವನ್ನು ಕರೆದು, ಅವನ ತುಟಿಯ ರುಚಿ ಹೇಗಿದೆಯೆಂದು ಕೇಳುತ್ತಾಳೆ. ಮನುಷ್ಯರಿಗೆ ತನ್ನನ್ನು ಕೊಡುವ ಮಾತೆತ್ತಿದರೆ ತಾನು ಬದುಕಿರಲಾರೆನೆಂದೂ ಸ್ಪಷ್ಟವಾಗಿ ಸಾರುತ್ತಾಳೆ.

ಈ ಆಂಡಾಳಳ ಕಥೆಯನ್ನೇ ವಿಜಯನಗರದ ಕೃಷ್ಣದೇವರಾಯನು (ಆಳಿದ ಕಾಲ 1509–1529) ತೆಲುಗಿನಲ್ಲಿ ‘ಆಮುಕ್ತಮಾಲ್ಯದ’ವೆಂಬ ಮಹಾಕಾವ್ಯದೊಳಗೆ ತಂದನು. ಅದರಲ್ಲಿ ಗೋದಾದೇವಿಯ ಚೆಲುವನ್ನೂ ವಿರಹವನ್ನೂ ಪ್ರೌಢವಾಗಿ ವರ್ಣಿಸಿರುವನು. ಎರಡನ್ನೂ ಅಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಅರಸನ ಕಾವ್ಯದಲ್ಲಿ ನಾವು ಗೋದೆಯನ್ನು ನೋಡುತ್ತೇವೆ. ಅವಳು ಎಷ್ಟು ಚೆಲುವೆ ಎಂಬುದನ್ನು ತಿಳಿಯುತ್ತೇವೆ. ಅವಳದೇ ಹಾಡಿನಲ್ಲಿ ಅವಳ ಕಣ್ಣಿನಿಂದ ಇನಿಯನನ್ನು ನೋಡುತ್ತೇವೆ. ಅವಳಿಗೆ ಏನು ಬೇಕು ಎಂಬುದನ್ನು ತಿಳಿಯುತ್ತೇವೆ.

ಅಕ್ಕಮಹಾದೇವಿ

ಆಂಡಾಳಿಗಿಂತ ಮೂರು-ನಾಲ್ಕು ನೂರು ವರ್ಷಗಳ ಅನಂತರ, 12ನೆಯ ಶತಮಾನದಲ್ಲಿ, ಕನ್ನಡನಾಡಿನ ಉಡುತಡಿಯಲ್ಲಿ ಹುಟ್ಟಿದ ಅಕ್ಕಮಹಾದೇವಿಯೂ ದೇವನನ್ನೇ ಗಂಡನೆಂದವಳು. ಅವಳ ಇನಿಯ ಶ್ರೀಶೈಲದ ಚೆನ್ನಮಲ್ಲಿಕಾರ್ಜುನ. ಅವಳೂ ಹಕ್ಕಿ, ದುಂಬಿಗಳನ್ನು ಕರೆದು ಅವನ ಸುಳುಹನ್ನು ಕೇಳುತ್ತಾಳೆ. ಅವಳೂ ಕನಸು ಕಾಣುತ್ತಾಳೆ. ಅವಳೂ ಸಾಯುವ ಗಂಡರನ್ನು ಒಲ್ಲೆನೆನ್ನುತ್ತಾಳೆ. ಇಬ್ಬರ ನಡುವಣ ಸಾಮ್ಯವು ಮೇಲುನೋಟಕ್ಕೇ ಎದ್ದು ಕಾಣುವಂತಹದು.

ಆದರೆ ಅಂತರವೂ ಅಷ್ಟೇ ಮುಖ್ಯವಾದುದು. ಆಂಡಾಳಿಗೆ ಮದುವೆ ಬೇಕು. ಓಲಗ, ಹಸೆ, ಪಾಣಿಗ್ರಹಣ, ಎಲ್ಲವೂ ಬೇಕು. ಅವಳು ಒಲ್ಲದಿರುವುದು ಮಾನವ ವರನನ್ನು ಮಾತ್ರ. ಅಕ್ಕನ ವಚನಗಳಲ್ಲಿಯೂ ಮದುವೆಯ ಚಿತ್ರ ಬರುತ್ತದೆಯಾದರೂ, ಅವಳು ಅಲ್ಲಿಯೇ ನಿಲ್ಲುವವಳಲ್ಲ. ಮನೆ, ಬಂಧು, ಉಡುಗೆ, ಕೊನೆಗೆ ತನ್ನ ಒಡಲಿನ ಮೇಲಣ ಅಭಿಮಾನ, ಇವುಗಳನ್ನು ಒಂದೊಂದಾಗಿ ಕಳಚುತ್ತ ಹೋಗುವ ದಾರಿ ಅವಳದು. ಆಂಡಾಳಳ ಒಲವು ಕೂಡಿಸಿಕೊಳ್ಳುವ ಒಲವು, ಅಕ್ಕನದು ತೊರೆಯುವ ಒಲವು ಎಂದರೆ ತಪ್ಪಾಗಲಾರದು.

ಅಕ್ಕನ ಬಾಳಿನಲ್ಲಿ ಬರುವ ಕೌಶಿಕನ ಪ್ರಸಂಗವನ್ನು ನಮ್ಮ ಕವಿಗಳು ಹೇಳಿರುವ ರೀತಿಯೂ ಗಮನಾರ್ಹವಾಗಿದೆ. ಹರಿಹರನು ತನ್ನ ರಗಳೆಯಲ್ಲಿ ಅವಳು ಷರತ್ತುಗಳನ್ನು ವಿಧಿಸಿ ಕೌಶಿಕನನ್ನು ವರಿಸಿದಳೆಂದೂ, ಅವನು ಅವುಗಳನ್ನು ಮೀರಲು ಹೊರಟು ಬಂದಳೆಂದೂ ಹೇಳುತ್ತಾನೆ. 15ನೆಯ ಶತಮಾನದ ಚಾಮರಸನು ಪ್ರಭುಲಿಂಗಲೀಲೆಯಲ್ಲಿ ಆ ಮದುವೆಯು ನಡೆಯಲೇ ಇಲ್ಲವೆಂಬಂತೆ ಕಥೆಯನ್ನು ನಡೆಸುತ್ತಾನೆ. ಹೆಣ್ಣೊಬ್ಬಳು ಗಂಡನನ್ನು ಬಿಟ್ಟು ಬಂದಳೆಂಬ ಸಂಗತಿಯನ್ನು ಅರಗಿಸಿಕೊಳ್ಳುವುದು ಮುಂದಿನವರಿಗೆ ಸುಲಭವಾಗಿ ತೋರಲಿಲ್ಲವೇನೋ ಎಂದು ಊಹಿಸಲು ಇಲ್ಲಿ ಅವಕಾಶವಿದೆ.

ಗಂಡಸರ ಹೆಣ್ಣುದನಿ

ಇಲ್ಲಿ ವಾಚಕರು ಒಂದು ಆಕ್ಷೇಪವನ್ನು ಎತ್ತಬಹುದು. ಹೆಣ್ಣಿನ ದನಿಯಲ್ಲಿ ಒಲವನ್ನು ಹಾಡಿದವರು ಹೆಂಗಸರು ಮಾತ್ರವೇ? ನಮ್ಮಾಳ್ವಾರರು ಪರಾಂಕುಶನಾಯಕಿಯಾಗಿ ಹಾಡಲಿಲ್ಲವೇ? ಶರಣರೆಲ್ಲರೂ ‘ಶರಣಸತಿ ಲಿಂಗಪತಿ’ ಭಾವವನ್ನು ಒಪ್ಪಲಿಲ್ಲವೇ? 17ನೆಯ ಶತಮಾನದ ಕ್ಷೇತ್ರಯ್ಯನ ತೆಲುಗು ಪದಗಳಲ್ಲಿ ಮಾತನಾಡುವವಳು ಬಹುಪಾಲು ನಾಯಿಕೆಯೇ ಅಲ್ಲವೇ?

ಅಹುದು, ಆಕ್ಷೇಪವು ನ್ಯಾಯವಾದುದೇ. ಹೆಣ್ಣುದನಿ ಒಂದನ್ನೇ ಕವಯಿತ್ರಿಯ ಗುರುತೆಂದು ಹೇಳಲಾಗದು. ಆ ಪುರುಷ ಕವಿಗಳ ಭಾವ ಕೃತಕವೆಂದು ಹೇಳುವುದೂ ನಮ್ಮ ಉದ್ದೇಶವಲ್ಲ. ಅವರಲ್ಲಿ ಕೆಲವರ ಹಾಡು ಕಲ್ಲನ್ನೂ ಕರಗಿಸಬಲ್ಲುದು. ಆದರೆ ಅಂತರವೊಂದು ಉಂಟು. ಗಂಡಸು ಹೆಣ್ಣಾಗಿ ಹಾಡಿ ಮುಗಿಸಿದ ಬಳಿಕ ಮರಳಿ ಗಂಡಸಾಗಿ ಬೀದಿಗೆ ಬರುತ್ತಾನೆ. ಅವನ ಒಲವಿಗಾಗಿ ಅವನನ್ನು ಯಾರೂ ಮದುವೆಗೆ ಬಲವಂತ ಮಾಡುವುದಿಲ್ಲ. ಮನೆಯಿಂದ ಹೊರಟ ರಾತ್ರಿ ಅವನಿಗೆ ಮಾನದ ಭಯವಿಲ್ಲ. ಅವನಿಗೆ ಹೆಣ್ತನವು ಒಂದು ಭಾವ. ಅಕ್ಕನಿಗಾದರೋ ಅದು ಭಾವವೂ ಹೌದು, ಪ್ರತಿದಿನದ ಸ್ಥಿತಿಯೂ ಹೌದು. ಅವಳು ಕಲ್ಯಾಣಕ್ಕೆ ಬಂದಾಗ ಅನುಭವಮಂಟಪದ ಬಾಗಿಲಲ್ಲಿ ಅಲ್ಲಮಪ್ರಭುಗಳು ಅವಳ ಗಂಡನ ಗುರುತನ್ನು ಕೇಳಿದರೆಂದೂ, ಉಡುಗೆ ತೊರೆದವಳು ಕೂದಲ ಮರೆಯನ್ನೇಕೆ ಬಿಡಲಿಲ್ಲವೆಂದು ಪ್ರಶ್ನಿಸಿದರೆಂದೂ ಶೂನ್ಯಸಂಪಾದನೆಯು ಹೇಳುತ್ತದೆ. ಪರೀಕ್ಷೆ ಎಲ್ಲ ಸಾಧಕರಿಗೂ ಇತ್ತು. ಆದರೆ ಇಂತಹ ಪರೀಕ್ಷೆ ಹೆಣ್ಣಿಗೇ ಮೀಸಲಾಗಿತ್ತು.

ಆದುದರಿಂದ ಕವಯಿತ್ರಿಯರ ಒಲವಿನ ಕಾವ್ಯವನ್ನು ಗುರುತಿಸುವ ಬಗೆ ಇದೆಂದು ನಮಗೆ ತೋರುತ್ತದೆ: ಅಲ್ಲಿ ಒಲವಿನ ಜೊತೆಗೆ ಒಲವಿನ ಬೆಲೆಯೂ ಲೆಕ್ಕಕ್ಕೆ ಬರುತ್ತದೆ. ಮನೆಯವರ ಮಾತು, ಊರಿನ ಮಾತು, ಮದುವೆಯ ಒತ್ತಾಯ, ವಯಸ್ಸು, ಸವತಿ, ಇವುಗಳೆಲ್ಲ ಅಲಂಕಾರದ ವಸ್ತುಗಳಾಗಿ ಬಾರದೆ, ತೆರಬೇಕಾದ ಸಾಲದಂತೆ ಬರುತ್ತವೆ. ಮುಂದಿನ ಇಬ್ಬರಲ್ಲಿಯೂ ಇದನ್ನೇ ಕಾಣಬಹುದು.

ಸಂಚಿಯ ಹೊನ್ನಮ್ಮ

ಮೈಸೂರಿನ ಚಿಕ್ಕದೇವರಾಜ ಒಡೆಯರ (ಆಳಿದ ಕಾಲ 1673–1704) ಅರಮನೆಯಲ್ಲಿ ತಾಂಬೂಲದ ಸಂಚಿಯನ್ನು ಹಿಡಿಯುವ ಊಳಿಗದಲ್ಲಿದ್ದ ಹೊನ್ನಮ್ಮನ ಹುಟ್ಟೂರು ಎಳಂದೂರು. ಅದು ಇಂದಿನ ಚಾಮರಾಜನಗರ ಜಿಲ್ಲೆಯಲ್ಲಿದೆ. ತಾಳವಾಡಿಯ ಕನ್ನಡಿಗರಿಗೆ ನೆರೆಯ ಸೀಮೆ. ಅವಳ ‘ಹದಿಬದೆಯ ಧರ್ಮ’ವು ಸಾಂಗತ್ಯದಲ್ಲಿ ಹಾಡಿದ ಒಂಬತ್ತು ಸಂಧಿಗಳ ಕೃತಿ. ಅದೇ ಆಸ್ಥಾನದ ಶೃಂಗಾರಮ್ಮನು ‘ಪದ್ಮಿನೀಕಲ್ಯಾಣ’ವೆಂಬ ಕಾವ್ಯದಲ್ಲಿ ಶ್ರೀನಿವಾಸ–ಪದ್ಮಿನಿಯರ ಮದುವೆಯನ್ನು ಹಾಡಿದಳು. ಹೊನ್ನಮ್ಮನಾದರೋ ಮದುವೆಯ ಮಾರನೆಯ ದಿನದಿಂದ ತೊಡಗುವ ಬಾಳನ್ನು ತನ್ನ ವಸ್ತುವಾಗಿ ಆರಿಸಿಕೊಂಡಳು.

ಹದಿಬದೆ ಎಂದರೆ ಪತಿವ್ರತೆ. ಆಂಡಾಳಳ ಕನಸಾಗಲಿ ಅಕ್ಕನ ಬಿರುಗಾಳಿಯಾಗಲಿ ಇಲ್ಲಿಲ್ಲ. ಇಲ್ಲಿ ಇನಿಯನನ್ನು ಕರೆಯುವ ಮಾತೇ ಇಲ್ಲ. ಹೊನ್ನಮ್ಮನು ಮಾತನಾಡುವುದು ತನ್ನಂತಹ ಹೆಂಗಸರೊಡನೆ. ಗಂಡನ ಮನವರಿತು ನಡೆಯುವುದು, ಅತ್ತೆಮಾವಂದಿರ ಸೇವೆ, ಮನೆವಾರ್ತೆಯ ಅಚ್ಚುಕಟ್ಟು, ಸೈರಣೆ, ಇವುಗಳ ಮೂಲಕವೇ ಒಲವು ಪ್ರಕಟವಾಗಬೇಕೆಂಬುದು ಅವಳ ಮತ. ಇದನ್ನು ಓದಿ ಈ ಕಾಲದ ಹೆಣ್ಣುಮಕ್ಕಳು ಹುಬ್ಬುಗಂಟಿಕ್ಕಬಹುದು. ಅದಕ್ಕೆ ಕಾರಣವೂ ಇಲ್ಲದಿಲ್ಲ. ಅವಳು ಬೋಧಿಸಿದ ಸಹನೆಯೆಲ್ಲವನ್ನೂ ಇಂದು ಧರ್ಮವೆಂದು ಒಪ್ಪಬೇಕಾಗಿಲ್ಲ.

ಆದರೆ ಅದೇ ಹೊನ್ನಮ್ಮನು, ಹೆಣ್ಣೆಂದು ಹಳಿಯುವವರನ್ನು ಅವರ ಹೆತ್ತ ತಾಯಿಯ ನೆನಪು ಮಾಡಿಕೊಟ್ಟು ತಿದ್ದುತ್ತಾಳೆ. ಗಂಡುಮಗುವಿಗೂ ಹೆಣ್ಣುಮಗುವಿಗೂ ಭೇದವೆಣಿಸುವುದನ್ನು ತರ್ಕಬದ್ಧವಾಗಿ ಖಂಡಿಸುತ್ತಾಳೆ. ಈ ಮಾತು ಪತಿವ್ರತಾಧರ್ಮದ ಗ್ರಂಥದ ನಡುವೆ ಏಕೆ ಬಂತು? ಹೆಣ್ಣು ಮನೆಗಾಗಿ ಇಷ್ಟೆಲ್ಲವನ್ನೂ ತೆರುತ್ತಿರುವಾಗ, ಮನೆಯವರು ಅವಳಿಗೆ ಕನಿಷ್ಠಪಕ್ಷ ಗೌರವವನ್ನಾದರೂ ತೆರಬೇಡವೇ ಎಂಬುದು ಅವಳ ಲೆಕ್ಕಾಚಾರವೆಂದು ನಾವು ಗ್ರಹಿಸುತ್ತೇವೆ. ಅರಮನೆಯ ಊಳಿಗದವಳು ಅರಮನೆಯವರಿಗೇ ಕೇಳಿಸುವಂತೆ ಈ ಮಾತನ್ನು ಹೇಳಿದಳೆಂಬುದನ್ನು ಮರೆಯಬಾರದು.

ಮುದ್ದುಪಳನಿ ಮತ್ತು ನಾಗರತ್ನಮ್ಮ

ಹೊನ್ನಮ್ಮನ ಅನಂತರದ ಶತಮಾನದಲ್ಲಿ, ತಂಜಾವೂರಿನ ಮರಾಠ ದೊರೆ ಪ್ರತಾಪಸಿಂಹನ (ಆಳಿದ ಕಾಲ 1739–1763) ಆಸ್ಥಾನದಲ್ಲಿ ಮುದ್ದುಪಳನಿ ಎಂಬ ಕವಯಿತ್ರಿಯಿದ್ದಳು. ಕಲಾವಂತರ ಮನೆತನದವಳು, ಸಂಗೀತ ಸಾಹಿತ್ಯಗಳಲ್ಲಿ ನಿಪುಣೆ. ಆಂಡಾಳಳ ತಿರುಪ್ಪಾವೈಯನ್ನು ತೆಲುಗಿಗೆ ತಂದವಳೂ ಹೌದು. ನಾಚ್ಚಿಯಾರಳ ದನಿಯನ್ನು ಒಂಬೈನೂರು ವರ್ಷಗಳ ಅನಂತರ ಇನ್ನೊಂದು ನುಡಿಯಲ್ಲಿ ಇನ್ನೊಬ್ಬ ಹೆಣ್ಣು ಹೀಗೆ ಎತ್ತಿಕೊಂಡುದು ಸಂತೋಷದ ವಿಷಯ.

ಅವಳ ಮುಖ್ಯ ಕೃತಿ 584 ಪದ್ಯಗಳ ‘ರಾಧಿಕಾಸಾಂತ್ವನಮು’. ಇದರ ಕಥಾವಸ್ತು ನಮ್ಮ ಕಾವ್ಯಗಳಲ್ಲಿ ಅಪೂರ್ವವಾದುದು. ರಾಧೆ ತಾನು ಸಾಕಿ ಬೆಳೆಸಿದ ಇಳೆಯೆಂಬ ಹುಡುಗಿಯನ್ನು ತಾನೇ ಮುಂದೆ ನಿಂತು ಕೃಷ್ಣನಿಗೆ ಮದುವೆಮಾಡಿಸುತ್ತಾಳೆ. ಇಬ್ಬರಿಗೂ ಬುದ್ಧಿ ಹೇಳುತ್ತಾಳೆ. ಆಮೇಲೆ ಅಗಲಿಕೆಯಲ್ಲಿ, ಅಸೂಯೆಯಲ್ಲಿ ಬೇಯುತ್ತಾಳೆ. ಕೊನೆಗೆ ಕೃಷ್ಣನು ಬಂದು ಅವಳನ್ನು ಸಮಾಧಾನಪಡಿಸುತ್ತಾನೆ. ಶೃಂಗಾರಕಾವ್ಯದಲ್ಲಿ ಕಿರಿಯಳ ಕಾತರವನ್ನು ಬಣ್ಣಿಸಿದವರು ನೂರಾರು ಮಂದಿ. ವಯಸ್ಸು ಸಂದ ಹೆಣ್ಣಿಗೂ ಆಸೆಯುಂಟು, ಅವಳ ನೋವಿಗೂ ಸಾಂತ್ವನ ಬೇಕು ಎಂದು ಕಾವ್ಯದ ಹೆಸರಿನಲ್ಲಿಯೇ ಸಾರಿದವಳು ಮುದ್ದುಪಳನಿ.

ಅವಳು ತನ್ನ ಕೃತಿಯ ಆರಂಭದಲ್ಲಿ ವಂಶವನ್ನು ಹೇಳಿಕೊಳ್ಳುವಾಗ ತನ್ನ ಕುಲದ ಹೆಂಗಸರನ್ನು ಹೆಮ್ಮೆಯಿಂದ ನೆನೆದಿದ್ದಳು. ಆದರೆ 19ನೆಯ ಶತಮಾನದ ಕೊನೆಯ ಭಾಗದಲ್ಲಿ ಅಚ್ಚಾದ ಪ್ರತಿಯಲ್ಲಿ ಆ ಭಾಗವೂ ಹಲವು ಪದ್ಯಗಳೂ ಬಿಟ್ಟುಹೋಗಿದ್ದವು. ಇದನ್ನು ಕಂಡು ಮೂಲದ ಹಸ್ತಪ್ರತಿಯನ್ನು ಹುಡುಕಿ, ಪೂರ್ಣಪಾಠವನ್ನು 1910ರಲ್ಲಿ ಮದರಾಸಿನ ವಾವಿಳ್ಳ ಸಂಸ್ಥೆಯ ಮೂಲಕ ಅಚ್ಚುಹಾಕಿಸಿದವರು ಬೆಂಗಳೂರು ನಾಗರತ್ನಮ್ಮನವರು. ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿ, ಮೈಸೂರಿನಲ್ಲಿ ಬೆಳೆದು, ಕನ್ನಡ, ತೆಲುಗು, ಸಂಸ್ಕೃತಗಳನ್ನು ಕಲಿತ ಈ ಗಾಯಕಿಯೇ ಮುಂದೆ ತಿರುವಯ್ಯಾರಿನಲ್ಲಿ ತ್ಯಾಗರಾಜಸ್ವಾಮಿಗಳ ಸಮಾಧಿಮಂದಿರವನ್ನು ಕಟ್ಟಿಸಿದವರು. ತಮಿಳುನೆಲದಲ್ಲಿ ಹುಟ್ಟಿದ ತೆಲುಗು ಕಾವ್ಯವನ್ನು ಉಳಿಸಿದವಳು ಕನ್ನಡನಾಡಿನ ಹೆಣ್ಣುಮಗಳು. ಮೂರು ನುಡಿಗಳ ನೆರೆಹೊರೆಯವರಾದ ನಾವು ಈ ಸಂಗತಿಯನ್ನು ಮಕ್ಕಳಿಗೆ ಹೇಳಿಕೊಡಬೇಕು.

ಗ್ರಂಥ ಹೊರಬಂದೊಡನೆ ಗದ್ದಲವೆದ್ದಿತು. ಕಂದುಕೂರಿ ವೀರೇಶಲಿಂಗಂ ಪಂತುಲು ಅವರು ಈ ಮೊದಲೇ ಈ ಕೃತಿಯನ್ನು ಅಶ್ಲೀಲವೆಂದೂ, ಹೆಂಗಸಿನ ಬಾಯಿಂದ ಬರತಕ್ಕುದಲ್ಲವೆಂದೂ ಖಂಡಿಸಿದ್ದರು. ಸ್ತ್ರೀವಿದ್ಯೆಗಾಗಿಯೂ ವಿಧವಾವಿವಾಹಕ್ಕಾಗಿಯೂ ಹೆಣಗಿದ ಮಹನೀಯರೇ ಹೀಗೆ ಹೇಳಿದುದು ಯೋಚಿಸತಕ್ಕ ವಿಷಯ. ನಾಗರತ್ನಮ್ಮನವರು ಅಳುಕಲಿಲ್ಲ. ಗಂಡಸರ ಕಾವ್ಯಗಳಲ್ಲಿ ಇದಕ್ಕೂ ಮಿಗಿಲಾದ ಶೃಂಗಾರವನ್ನು ಒಪ್ಪಿದವರು ಇದನ್ನು ಮಾತ್ರ ಏಕೆ ಒಪ್ಪಬಾರದು? ನಾಚಿಕೆ ಎಂಬುದು ಹೆಂಗಸಿಗೆ ಮಾತ್ರ ಸಹಜವೇ? ಇವು ಅವರು ಮುಂದಿಟ್ಟ ಪ್ರಶ್ನೆಗಳು. ಇವುಗಳಿಗೆ ಉತ್ತರ ದೊರೆಯುವ ಮೊದಲೇ, 1911ರಲ್ಲಿ, ಬ್ರಿಟಿಷ್ ಸರ್ಕಾರ ಪುಸ್ತಕದ ಮೇಲೆ ಕ್ರಮ ಕೈಗೊಂಡಿತು; ಪ್ರತಿಗಳು ಜಪ್ತಿಯಾದವು. ನಿಷೇಧ ತೆರವಾದುದು 1947ರಲ್ಲಿ, ಟಂಗುಟೂರಿ ಪ್ರಕಾಶಂ ಅವರ ಪ್ರಯತ್ನದಿಂದ. ಗ್ರಂಥವು ಮತ್ತೆ ಅಚ್ಚಾದುದು 1952ರಲ್ಲಿ; ಅದೇ ವರ್ಷ ನಾಗರತ್ನಮ್ಮನವರು ತೀರಿಕೊಂಡರು.

ನಾಲ್ವರನ್ನು ಕೂಡಿಸಿ ನೋಡಿದಾಗ

ಈಗ ನಾಲ್ವರನ್ನೂ ಒಟ್ಟಿಗೆ ನಿಲ್ಲಿಸಿ ನೋಡೋಣ. ಆಂಡಾಳಿಗೆ ಒಲವೆಂದರೆ ಮಿಲನದ ಬಯಕೆ. ಅಕ್ಕನಿಗೆ ಬಿಡುಗಡೆಯ ದಾರಿ. ಹೊನ್ನಮ್ಮನಿಗೆ ದಿನದಿನದ ದುಡಿಮೆ. ಮುದ್ದುಪಳನಿಗೆ ವಯಸ್ಸಿನೊಡನೆ ಮುಗಿಯದ ಹಕ್ಕು. ಒಬ್ಬಳಂತೆ ಇನ್ನೊಬ್ಬಳಿಲ್ಲ. ‘ಹೆಣ್ಣಿನ ಪ್ರೇಮಕಾವ್ಯ’ವೆಂದು ಒಂದೇ ಹಣೆಪಟ್ಟಿಯನ್ನು ಎಲ್ಲರಿಗೂ ಅಂಟಿಸುವವರಿಗೆ ಇದೇ ತಕ್ಕ ಉತ್ತರ. ನಾಲ್ವರಲ್ಲಿಯೂ ಸಮಾನವಾದುದು ಒಂದೇ: ಒಲವಿಗೆ ತಾವು ತೆರುವ ಬೆಲೆ ಏನೆಂಬುದರ ಅರಿವು.

ಮುಂದಿನವರು ಈ ನಾಲ್ವರನ್ನು ಉಳಿಸಿಕೊಂಡ ಬಗೆಯಲ್ಲಿಯೂ ಒಂದು ಸಾಮ್ಯವಿದೆ. ಅದು ಅಷ್ಟು ಸಂತೋಷಕರವಾದುದಲ್ಲ. ಪ್ರತಿಯೊಬ್ಬಳನ್ನೂ ನಾವು ಅರ್ಧ ಉಳಿಸಿಕೊಂಡೆವು, ಅರ್ಧ ಮುಚ್ಚಿಟ್ಟೆವು. ತಿರುಪ್ಪಾವೈ ಮನೆಮನೆಯ ಹಾಡಾಯಿತು. ನಾಚ್ಚಿಯಾರ್ ತಿರುಮೊಳಿಯಲ್ಲಿ ಮದುವೆಯ ಕನಸಿನ ಹಾಡು ಮಾತ್ರ ವಿವಾಹಗಳಲ್ಲಿ ಉಳಿದು, ಮಿಕ್ಕ ಹಾಡುಗಳು ಹೆಚ್ಚು ಜನರ ಬಾಯಲ್ಲಿ ನಿಲ್ಲಲಿಲ್ಲ. ಅಕ್ಕನ ಭಕ್ತಿಯನ್ನು ಕೊಂಡಾಡಿದೆವು. ಅವಳ ನಿರಾಕರಣೆಯ ಬಿರುಸನ್ನು ಮೃದುಗೊಳಿಸಿದೆವು. ಹೊನ್ನಮ್ಮನ ಒಂದೆರಡು ಪದ್ಯಗಳನ್ನು ಪಾಠಪುಸ್ತಕಕ್ಕೆ ಸೇರಿಸಿ, ಉಳಿದ ಒಂಬತ್ತು ಸಂಧಿಗಳನ್ನು ಕಪಾಟಿನಲ್ಲಿ ಇಟ್ಟೆವು. ಮುದ್ದುಪಳನಿಯನ್ನಂತೂ ಸರ್ಕಾರವೇ ಮುಚ್ಚಿಟ್ಟಿತು. ದೇವರನ್ನು ಒಲಿದವಳು ಪೂಜ್ಯಳಾದಳು, ಗಂಡನ ಸೇವೆಯನ್ನು ಹೇಳಿದವಳು ಮಾನ್ಯಳಾದಳು. ತನ್ನ ಆಸೆಯನ್ನು ಆಸೆಯೆಂದೇ ಹೇಳಿದವಳು ಮಾತ್ರ ಅಪರಾಧಿಯಾದಳು. ಆಂಡಾಳಳ ಪದ್ಯಗಳಲ್ಲಿಯೂ ಅಷ್ಟೇ ತೀವ್ರವಾದ ಬಯಕೆಯಿದೆಯೆಂಬುದನ್ನು ನೆನೆದರೆ, ಈ ತೀರ್ಪು ಕಾವ್ಯವನ್ನು ನೋಡಿ ಕೊಟ್ಟುದಲ್ಲ, ಕವಯಿತ್ರಿಯ ಕುಲವನ್ನೂ ಬಾಳನ್ನೂ ನೋಡಿ ಕೊಟ್ಟುದೆಂದು ಹೇಳಬೇಕಾಗುತ್ತದೆ.

ಗಡಿನಾಡಿನಲ್ಲಿ ಕನ್ನಡವನ್ನು ಉಳಿಸುವ ಮಾತನ್ನು ನಾವು ಪ್ರತಿವರ್ಷವೂ ಆಡುತ್ತೇವೆ. ನುಡಿಯನ್ನು ಮನೆಯಲ್ಲಿ ಉಳಿಸುತ್ತ ಬಂದಿರುವವರಲ್ಲಿ ತಾಯಂದಿರದು ದೊಡ್ಡ ಪಾಲು. ಅವರು ಹಾಡುವ ಹಾಡು, ಹೇಳುವ ಕಥೆ, ಮಗುವನ್ನು ಬೈಯುವ ಮಾತು ಕೂಡ ಕನ್ನಡದ ಆಸ್ತಿ. ಅಂತಹ ಮನೆಗಳ ಹೆಣ್ಣುಮಕ್ಕಳಿಗೆ ತಮ್ಮ ಹಿಂದಿನವರ ಪೂರ್ಣವಾದ ದನಿ ದೊರೆಯಬೇಕು. ನಮ್ಮ ಸಂಘಗಳ ಪುಸ್ತಕಭಂಡಾರಗಳಲ್ಲಿ ಅಕ್ಕನ ವಚನಗಳ ಪೂರ್ಣ ಸಂಪುಟವೂ ಹದಿಬದೆಯ ಧರ್ಮವೂ ಇರಲಿ. ಆಂಡಾಳ್, ಮುದ್ದುಪಳನಿಯರ ಮೂಲಗಳೂ ಅವುಗಳ ಪಕ್ಕದಲ್ಲಿ ಇರಲಿ. ತಮಿಳು, ತೆಲುಗು ಬಲ್ಲ ನಮ್ಮ ಮಕ್ಕಳೇ ಅವುಗಳನ್ನು ಕನ್ನಡಿಸಬಲ್ಲರು. ಬಿಟ್ಟುಹೋದ ಪದ್ಯಗಳನ್ನು ಹುಡುಕಿ ಅಚ್ಚುಹಾಕಿಸಿದ ನಂಜನಗೂಡಿನ ಆ ಹೆಣ್ಣುಮಗಳು ನಮಗೆ ತೋರಿಸಿಕೊಟ್ಟ ಕೆಲಸ ಇದೇ. ಅದು ಇನ್ನೂ ಮುಗಿದಿಲ್ಲ.